ಬಳ್ಳಿಯೊಳಗೆ ಬದುಕುವ ಹೂವು

ರಫ್ಲೀಸಿಯಾ ಅರ್ನಾಲ್ಡಿ ಪೂರ್ತಿ ಅರಳಿದಾಗ ಅದರ ಅಗಲ ಒಂದು ಮೀಟರಿನವರೆಗೂ ಹೋಗುತ್ತದೆ. ತೂಕ 7 ಕಿಲೋ ದಾಟುವುದುಂಟು. ಭೂಮಿಯ ಮೇಲಿನ ಪ್ರಭೇದಗಳಲ್ಲಿ ಸಾಮಾನ್ಯವಾಗಿ ಇದರ ಬಿಡಿ ಹೂವನ್ನೇ ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತಾರೆ. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳ ಮಳೆಕಾಡು ಇದರ ತವರು. ಇದೇ ಕುಲದ ನಲವತ್ತಕ್ಕೂ ಹೆಚ್ಚು ಪ್ರಭೇದಗಳು ಈ ಎರಡು ದ್ವೀಪಗಳಲ್ಲದೆ ಜಾವಾ, ಮಲಯ ಪರ್ಯಾಯದ್ವೀಪ, ದಕ್ಷಿಣ ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್‌ಗಳಲ್ಲಿ ಹರಡಿವೆ. ಎಲ್ಲವೂ ಮೀಟರ್ ಗಾತ್ರದವಲ್ಲ. ಫಿಲಿಪ್ಪೀನ್ಸಿನ ಲುಝಾನ್ ದ್ವೀಪದಲ್ಲಿ ಸಿಕ್ಕಿ 2016ರಲ್ಲಿ ಹೆಸರು ಪಡೆದ ರಫ್ಲೀಸಿಯಾ ಕಾನ್ಸುಯೆಲೊಯೆ ಸುಮಾರು 10 ಸೆಂಟಿಮೀಟರ್ ಅಗಲದ್ದು. ಕುಲದಲ್ಲಿ ಅದೇ ಅತಿ ಚಿಕ್ಕದು. ಆದರೂ ದಾಸವಾಳದ ಪಕ್ಕದಲ್ಲಿಟ್ಟರೆ ಅದೂ ಸಣ್ಣ ಹೂವೇನಲ್ಲ.

ಹೂವಿಗೆ ಐದು ದಪ್ಪನೆಯ, ಮಾಂಸಲವಾದ ಹಾಲೆಗಳು. ಇಟ್ಟಿಗೆಗೆಂಪು ಬಣ್ಣದ ಮೇಲೆ ಮಾಸಲು ಬಿಳಿಯ ಗಂಟುಗಳು ಉಬ್ಬಿರುತ್ತವೆ. ನಡುವೆ ಆಳವಾದ ಬಟ್ಟಲು. ಬಟ್ಟಲಿನ ಬಾಯಿಗೆ ಅರ್ಧ ಮುಚ್ಚಳ ಹಾಕಿದ ಹಾಗೆ ಒಂದು ಪಟಲ, ಪಟಲದ ಮಧ್ಯದಲ್ಲಿ ದುಂಡನೆಯ ಕಿಂಡಿ. ಕಿಂಡಿಯೊಳಗೆ ಇಣುಕಿದರೆ ತಳದಿಂದ ಎದ್ದು ನಿಂತ ತಟ್ಟೆಯೂ ಅದರ ಮೇಲೆ ಸಾಲುಗಟ್ಟಿದ ಚೂಪು ಮೊಳೆಗಳೂ ಕಾಣುತ್ತವೆ. ಪರಾಗಕೋಶಗಳು ಮಾತ್ರ ಕಾಣುವುದಿಲ್ಲ. ಅವು ತಟ್ಟೆಯ ಅಂಚಿನ ಅಡಿಯಲ್ಲಿ, ಬೆಳಕು ತಾಗದ ಕಡೆ ಇರುತ್ತವೆ. ಬಹುತೇಕ ಪ್ರಭೇದಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳಲಾಗದು. ತಟ್ಟೆಯ ಅಂಚನ್ನು ಕೆಳಗಿನಿಂದ ನೋಡಲೇಬೇಕು.

ಇಷ್ಟು ದೊಡ್ಡ ಹೂವನ್ನು ಹೊರುವ ಗಿಡ ಎಲ್ಲಿ ಎಂದು ಸುತ್ತ ನೋಡಿದರೆ ಏನೂ ಇರುವುದಿಲ್ಲ. ರಫ್ಲೀಸಿಯಾಕ್ಕೆ ಎಲೆ ಇಲ್ಲ, ಕಾಂಡ ಇಲ್ಲ, ಬೇರಿಲ್ಲ, ಹಸಿರೂ ಇಲ್ಲ. ಅದು ದ್ರಾಕ್ಷಿ ಕುಟುಂಬಕ್ಕೆ ಸೇರಿದ ಟೆಟ್ರಾಸ್ಟಿಗ್ಮಾ ಎಂಬ ಕಾಡುಬಳ್ಳಿಯ ಒಳಗೆ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಜೀವಕೋಶಗಳ ಎಳೆಗಳಾಗಿ ಹಬ್ಬಿಕೊಂಡು ಬದುಕುತ್ತದೆ. ನೀರು, ಲವಣ, ಸಕ್ಕರೆ ಎಲ್ಲವೂ ಬಳ್ಳಿಯಿಂದಲೇ. ನಮ್ಮ ಮಾವಿನ ಮರದ ಮೇಲಿನ ಬಂದಳಿಕೆ ನೀರನ್ನು ಮರದಿಂದ ಎಳೆದುಕೊಂಡರೂ ಅದಕ್ಕೆ ಸ್ವಂತದ ಹಸಿರೆಲೆಗಳಿವೆ. ನೆರೆಯ ಗಿಡಗಳ ಬೇರಿಗೆ ಬೇರು ತಗುಲಿಸುವ ಶ್ರೀಗಂಧವೂ ತನ್ನ ಎಲೆಯಲ್ಲಿ ತಾನೇ ಆಹಾರ ತಯಾರಿಸುತ್ತದೆ. ರಫ್ಲೀಸಿಯಾ ಆ ಕೆಲಸವನ್ನೇ ಕೈಬಿಟ್ಟಿದೆ. ಅದು ಲೋಕಕ್ಕೆ ಕಾಣಿಸಿಕೊಳ್ಳುವುದು ಹೂವಾಗಿ ಮಾತ್ರ, ಅದೂ ಐದರಿಂದ ಏಳು ದಿನ. ಉಳಿದ ವರ್ಷಗಳೆಲ್ಲ ಬಳ್ಳಿಯೊಳಗೆ. ಈ ಹೂವನ್ನು ಹುಡುಕುವ ಕಷ್ಟಕ್ಕೆ ಮೂಲ ಇಲ್ಲಿದೆ.

ಬಳ್ಳಿಯ ಜಾಡು

ಕಾಡಿಗೆ ಹೋಗಿ ನೇರವಾಗಿ ರಫ್ಲೀಸಿಯಾ ಹುಡುಕುವುದು ಸಾಧ್ಯವಿಲ್ಲ, ಹುಡುಕಬೇಕಾದ್ದು ಬಳ್ಳಿಯನ್ನು. ಟೆಟ್ರಾಸ್ಟಿಗ್ಮಾ ಬೆಳಕಿಗಾಗಿ ಮರಗಳ ನೆತ್ತಿಗೆ ಏರುವ ಬಳ್ಳಿ. ಎಲೆಗಳು ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಮರಗಳ ಹಸಿರಿನೊಳಗೆ ಬೆರೆತುಹೋಗಿರುವುದರಿಂದ ಎಲೆ ನೋಡಿ ಗುರುತಿಸುವ ಮಾತೇ ಇಲ್ಲ. ಅನುಭವಿಗಳು ನೆಲದ ಮಟ್ಟದಲ್ಲಿ ನೋಡುತ್ತಾರೆ: ತೊಗಟೆಯ ಬಗೆ, ಕೆಲವು ಪ್ರಭೇದಗಳಲ್ಲಿ ಚಪ್ಪಟೆಯಾದ ಕಾಂಡ, ಉದುರಿ ಬಿದ್ದ ಎಲೆ, ಮಣ್ಣಿನ ಮೇಲೆ ಹಾವಿನ ಹಾಗೆ ಹರಿದ ಬೇರು. ಹಳ್ಳದ ದಂಡೆ, ತೇವ ಆರದ ಇಳಿಜಾರುಗಳಲ್ಲಿ ಹುಡುಕಾಟ ಹೆಚ್ಚು ಫಲ ಕೊಡುತ್ತದೆ.

ಬಳ್ಳಿ ಸಿಕ್ಕಿತೆಂದರೆ ಹೂ ಸಿಕ್ಕಂತಲ್ಲ. ಒಂದು ಕಾಡಿನಲ್ಲಿರುವ ಟೆಟ್ರಾಸ್ಟಿಗ್ಮಾಗಳಲ್ಲಿ ರಫ್ಲೀಸಿಯಾ ಹೊಕ್ಕಿರುವುದು ಕೆಲವೇ ಕೆಲವನ್ನು. ಹೊಕ್ಕ ಬಳ್ಳಿಯೂ ಮೊಗ್ಗು ಹೊರಬರುವವರೆಗೆ ಹೊರನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಟೆಟ್ರಾಸ್ಟಿಗ್ಮಾ ಕುಲದ ಬಳ್ಳಿಗಳಿವೆ, ಆದರೆ ಅವುಗಳಲ್ಲಿ ರಫ್ಲೀಸಿಯಾ ಇಲ್ಲ. ಬಳ್ಳಿ ಹಬ್ಬಿದ ನಾಡುಗಳೆಲ್ಲವನ್ನೂ ಈ ಪರಾವಲಂಬಿ ತಲುಪಿಲ್ಲ.

ಮೊದಲ ಸುಳಿವು ತೊಗಟೆಯ ಮೇಲೆ ಏಳುವ ಗುಬುಟು. ನೆಲ್ಲಿಕಾಯಿ ಗಾತ್ರದಲ್ಲಿ ಕಾಣಿಸಿಕೊಳ್ಳುವ ಅದು ತೊಗಟೆಯನ್ನು ಸೀಳಿಕೊಂಡು ನಿಧಾನವಾಗಿ ಹಿಗ್ಗುತ್ತದೆ. ಕಂದು ಬಣ್ಣದ ಹೊರಪೊರೆಗಳು ಒಂದರ ಮೇಲೊಂದು ಸುತ್ತಿಕೊಂಡು, ಕೊನೆಯ ತಿಂಗಳಲ್ಲಿ ಮೊಗ್ಗು ದೊಡ್ಡ ಎಲೆಕೋಸಿನಂತೆ ನೆಲದ ಮೇಲೆ ಕೂತಿರುತ್ತದೆ. ಈ ಬೆಳವಣಿಗೆಗೆ ಪ್ರಭೇದವನ್ನು ಅನುಸರಿಸಿ ಆರೇಳು ತಿಂಗಳಿಂದ ಒಂದು ವರ್ಷಕ್ಕೂ ಮೀರಿ ಕಾಲ ಹಿಡಿಯುತ್ತದೆ. ಎಲ್ಲ ಮೊಗ್ಗೂ ಅರಳುವುದಿಲ್ಲ. ಮಳೆ ಹೆಚ್ಚಾಗಿ ಕೊಳೆಯುತ್ತವೆ, ಇಲಿ ಮತ್ತು ಅಳಿಲುಗಳು ಕಡಿಯುತ್ತವೆ, ಕಾಡುಹಂದಿ ತುಳಿಯುತ್ತದೆ, ಮೇಲಿನಿಂದ ಕೊಂಬೆ ಮುರಿದು ಬೀಳುತ್ತದೆ. ಹಲವು ನೆಲೆಗಳಲ್ಲಿ ಮೊಗ್ಗುಗಳ ಬಹುಪಾಲು ಅರಳುವ ಮುನ್ನವೇ ಸಾಯುತ್ತವೆ.

ಎರಡನೆಯ ಸುಳಿವು ಸತ್ತ ಹೂವು. ಅರಳಿದ ಐದಾರು ದಿನಕ್ಕೆ ಹಾಲೆಗಳು ಕಪ್ಪಾಗಿ, ಲೋಳೆಯಾಗಿ, ಕುಸಿದು ನೆಲಕ್ಕೆ ಅಂಟಿಕೊಳ್ಳುತ್ತವೆ. ಹುಡುಕುವವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಈ ಕಪ್ಪು ಮುದ್ದೆಯೇ. ಅದರಿಂದ ನಿರಾಶೆಪಡಬೇಕಿಲ್ಲ, ಏಕೆಂದರೆ ಪರಾವಲಂಬಿ ಹೊಕ್ಕ ಬಳ್ಳಿಯಲ್ಲಿ ವರ್ಷ ವರ್ಷವೂ ಹೊಸ ಮೊಗ್ಗು ಬರುವುದುಂಟು. ಸ್ಥಳ ಗುರುತಿಟ್ಟುಕೊಂಡು, ಬೇರಿನುದ್ದಕ್ಕೂ ಮೊಗ್ಗುಗಳನ್ನು ಎಣಿಸಿ, ಅವುಗಳ ಸುತ್ತಳತೆಯನ್ನು ಆಗಾಗ ಅಳೆಯುತ್ತ ಹೋದರೆ ಅರಳುವ ವಾರವನ್ನು ಅಂದಾಜು ಮಾಡಬಹುದು. ಹೊರಪೊರೆಗಳು ಉದುರಿ ಕೆಂಪು ಹಾಲೆಗಳು ಇಣುಕಿದ ಮೇಲೆ ಒಂದೆರಡು ದಿನದ ಮಾತು. ಅರಳುವಿಕೆ ಸಾಮಾನ್ಯವಾಗಿ ರಾತ್ರಿ ಶುರುವಾಗುತ್ತದೆ.

ದುರ್ವಾಸನೆಯ ಜಾಡು ಹಿಡಿದು ಹೂವನ್ನು ಪತ್ತೆ ಮಾಡಬಹುದೆಂದು ಅನೇಕರು ನಂಬುತ್ತಾರೆ. ಮನುಷ್ಯರ ಮೂಗಿಗೆ ಅದು ಅಷ್ಟು ನೆರವಾಗುವುದಿಲ್ಲ. ಕೊಳೆತ ಮಾಂಸದ ವಾಸನೆ ಹೂವಿನ ಹತ್ತಿರ ಬಗ್ಗಿದಾಗ ಸ್ಪಷ್ಟ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಂದ. ನೊಣಗಳ ಗುಂಪು ಅದಕ್ಕಿಂತ ಒಳ್ಳೆಯ ಸೂಚನೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಮುಖ್ಯವಾಗಿ ಉಳಿಯುತ್ತದೆ. ಯಾವ ಹಳ್ಳದ ಬದಿಯ ಯಾವ ಬಳ್ಳಿಗೆ ಹೋದ ವರ್ಷ ಮೊಗ್ಗು ಬಂದಿತ್ತೆಂಬುದು ಆ ಕಾಡಿನಲ್ಲೇ ಓಡಾಡುವವರಿಗೆ ಮಾತ್ರ ಗೊತ್ತು: ಬೆತ್ತ ತರುವವರು, ಬೇಟೆಗೆ ಹೋಗುವವರು, ಕಾಫಿ ತೋಟದ ಅಂಚಿನಲ್ಲಿ ಮನೆ ಮಾಡಿಕೊಂಡವರು. ರಫ್ಲೀಸಿಯಾದ ಅನೇಕ ದೊಡ್ಡ ಶೋಧಗಳ ಹಿಂದೆ ಅಂಥ ಒಬ್ಬರಿದ್ದಾರೆ, ಮತ್ತು ಹೆಚ್ಚಿನ ಸಲ ಅವರ ಹೆಸರು ಪುಸ್ತಕದಲ್ಲಿಲ್ಲ.

1797 ಮತ್ತು 1818

ಯುರೋಪಿಯನ್ನರಲ್ಲಿ ಈ ಕುಲವನ್ನು ಮೊದಲು ಕಂಡವನು ಫ್ರೆಂಚ್ ವೈದ್ಯ ಮತ್ತು ನಿಸರ್ಗಶಾಸ್ತ್ರಜ್ಞ ಲೂಯಿ ಆಗಸ್ಟ್ ದೆಶಾಂ. ಜಾವಾದಲ್ಲಿ ಕೆಲವು ವರ್ಷ ಕಳೆದ ಅವನಿಗೆ 1797ರಲ್ಲಿ ದಕ್ಷಿಣ ಕರಾವಳಿಯಾಚೆಯ ನುಸಾ ಕಂಬಂಗನ್ ದ್ವೀಪದಲ್ಲಿ ಹೂವು ಸಿಕ್ಕಿತು. ಚಿತ್ರ ಬರೆದುಕೊಂಡ, ಟಿಪ್ಪಣಿ ಮಾಡಿಕೊಂಡ. ಫ್ರಾನ್ಸಿಗೆ ಮರಳುವಾಗ ಬ್ರಿಟಿಷರು ಹಡಗನ್ನು ಹಿಡಿದರು, ಕಾಗದಪತ್ರಗಳು ಅವರ ವಶವಾದವು. ಎರಡೂ ದೇಶಗಳು ಯುದ್ಧದಲ್ಲಿದ್ದ ಕಾಲವದು. ಆ ಹಾಳೆಗಳು ಲಂಡನ್ನಿನಲ್ಲಿ ಮತ್ತೆ ಪತ್ತೆಯಾಗುವ ಹೊತ್ತಿಗೆ ಇಪ್ಪತ್ತನೆಯ ಶತಮಾನ ಅರ್ಧ ಕಳೆದಿತ್ತು. ಅವನು ಕಂಡ ಹೂವಿಗೆ 1825ರಲ್ಲಿ ಬ್ಲೂಮೆ ಎಂಬ ಸಸ್ಯವಿಜ್ಞಾನಿ ಸ್ಥಳೀಯರ ಮಾತನ್ನೇ ಎತ್ತಿಕೊಂಡು ರಫ್ಲೀಸಿಯಾ ಪತ್ಮ ಎಂದು ಹೆಸರಿಟ್ಟ.

ಕುಲದ ಹೆಸರು ಬಂದದ್ದು ಸುಮಾತ್ರಾದಿಂದ. 1818ರ ಮೇ ತಿಂಗಳಲ್ಲಿ, ಬೆಂಗ್ಕುಲುವಿನ ಬ್ರಿಟಿಷ್ ಆಡಳಿತಗಾರ ಸ್ಟ್ಯಾಂಫರ್ಡ್ ರಾಫಲ್ಸ್, ಅವನ ಪತ್ನಿ ಸೋಫಿಯಾ ಮತ್ತು ವೈದ್ಯ ಜೋಸೆಫ್ ಅರ್ನಾಲ್ಡ್ ಒಳನಾಡಿನ ಪ್ರವಾಸದಲ್ಲಿದ್ದರು. ಮನ್ನಾ ನದಿಯ ದಂಡೆಯ ಪುಲೊ ಲೆಬಾರ್ ಎಂಬಲ್ಲಿ ತಂಡದ ಮಲಯ ಸೇವಕನೊಬ್ಬ ಓಡಿ ಬಂದು, ಬಹು ದೊಡ್ಡ ಹೂವೊಂದಿದೆ, ಬಂದು ನೋಡಿ ಎಂದು ಅರ್ನಾಲ್ಡನನ್ನು ಕರೆದ. ಪೊದೆಗಳ ಅಡಿಯಲ್ಲಿ, ನೆಲಕ್ಕೆ ಹತ್ತಿಕೊಂಡು ಅದು ಅರಳಿತ್ತು. ಅಳೆದಾಗ ಒಂದು ಗಜ ಅಗಲ, ತೂಗಿದಾಗ ಸುಮಾರು 15 ಪೌಂಡು. ತಾನೊಬ್ಬನೇ ಇದ್ದು ಬೇರೆ ಸಾಕ್ಷಿಗಳಿಲ್ಲದಿದ್ದರೆ ಈ ಅಳತೆಯನ್ನು ಬಾಯಿಬಿಡಲು ಅಂಜುತ್ತಿದ್ದೆ ಎಂಬರ್ಥದ ಮಾತನ್ನು ಅರ್ನಾಲ್ಡ್ ಪತ್ರದಲ್ಲಿ ಬರೆದ. ಬಟ್ಟಲಿನ ಮೇಲೆ ನೊಣಗಳು ಮುತ್ತಿದ್ದನ್ನೂ ಹಳಸಿದ ಮಾಂಸದ ವಾಸನೆಯನ್ನೂ ಗುರುತಿಸಿದ. ಆ ಪತ್ರ ಮುಗಿಯಲಿಲ್ಲ. ಕೆಲವೇ ವಾರಗಳಲ್ಲಿ ಜ್ವರ ಬಂದು ಅವನು ಪಡಾಂಗ್‌ನಲ್ಲಿ ತೀರಿಕೊಂಡ. ಉಳಿದದ್ದನ್ನು ರಾಫಲ್ಸ್ ಪೂರ್ತಿ ಮಾಡಿ ಮಾದರಿಗಳೊಂದಿಗೆ ಲಂಡನ್ನಿಗೆ ಕಳಿಸಿದ.

ಅಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವುಗಳನ್ನು ಪರೀಕ್ಷಿಸಿ 1820ರಲ್ಲಿ ಲಿನಿಯನ್ ಸೊಸೈಟಿಯ ಮುಂದೆ ಪ್ರಬಂಧ ಓದಿದ. ಚಿತ್ರಗಳು ಫ್ರಾನ್ಜ್ ಬಾವರ್‌ನವು. ಅಂಗಾಂಗಗಳನ್ನು ಅಷ್ಟು ನಿಖರವಾಗಿ ತೋರಿಸುವ ಸಸ್ಯಚಿತ್ರಗಳು ಇಂದಿಗೂ ಅಪರೂಪ. ಹೂವು ಬಳ್ಳಿಯ ಮೇಲೆ ಬದುಕುವ ಪರಾವಲಂಬಿ ಎಂಬುದನ್ನು ಬ್ರೌನ್ ಒಣಗಿದ ಮತ್ತು ಮದ್ಯಸಾರದಲ್ಲಿಟ್ಟ ತುಂಡುಗಳಿಂದಲೇ ತರ್ಕಿಸಿದ. ಕುಲಕ್ಕೆ ರಾಫಲ್ಸನ ಹೆಸರು ಬಂತು, ಪ್ರಭೇದಕ್ಕೆ ಅರ್ನಾಲ್ಡನ ಹೆಸರು. ಹೂವನ್ನು ಮೊದಲು ಕಂಡು ಓಡಿ ಬಂದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಇನ್ನೂರು ವರ್ಷಗಳ ನಂತರವೂ ಆ ಲೋಪ ಮನಸ್ಸನ್ನು ಚುಚ್ಚುತ್ತದೆ.

ಕಳೆದುಹೋದವು, ಮತ್ತೆ ಸಿಕ್ಕವು

ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಅಪೊ ಪರ್ವತದಲ್ಲಿ 1882ರಲ್ಲಿ ಅಲೆಕ್ಸಾಂಡರ್ ಶಾಡೆನ್‌ಬರ್ಗ್ ಮತ್ತು ಒಟ್ಟೊ ಕೋಖ್ ಭಾರಿ ಗಾತ್ರದ ರಫ್ಲೀಸಿಯಾ ಒಂದನ್ನು ಕಂಡರು. ರಫ್ಲೀಸಿಯಾ ಶಾಡೆನ್‌ಬರ್ಗಿಯಾನಾ ಎಂದು ಹೆಸರಾದ ಅದು ಆ ದೇಶದ ಅತಿ ದೊಡ್ಡ ಹೂವು; ಅಗಲ 80 ಸೆಂಟಿಮೀಟರ್‌ವರೆಗೂ ಇರುತ್ತದೆ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಯಾವ ಸಸ್ಯಶಾಸ್ತ್ರಜ್ಞರಿಗೂ ಅದು ಕಾಣಲಿಲ್ಲ. ನಿರ್ನಾಮವಾಗಿದೆ ಎಂದು ಬಗೆದಿದ್ದಾಗ 1994ರಲ್ಲಿ ದಕ್ಷಿಣ ಕೊಟಬಾಟೊ ಪ್ರಾಂತದಲ್ಲಿ ಮತ್ತೆ ಸಿಕ್ಕಿತು. ಈ ಹೂವಿಗೆ ಬಗೋಬೊ ಜನರ ನುಡಿಯಲ್ಲಿ ಒಂದು ಹೆಸರಿದೆ, ಹಿಗಾಓನೊನ್ ಜನರ ನುಡಿಯಲ್ಲಿ ಇನ್ನೊಂದು. ವಿಜ್ಞಾನದ ಕಡತದಲ್ಲಿ ಕಾಣೆಯಾಗಿದ್ದ ಹೂವಿಗೆ ಕಾಡಂಚಿನ ಮಾತಿನಲ್ಲಿ ಜಾಗವಿತ್ತು.

ಅದೇ ದೇಶದಲ್ಲಿ 2002ರವರೆಗೆ ಎರಡೇ ಪ್ರಭೇದಗಳನ್ನು ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. ಆ ವರ್ಷ ಪನಾಯ್ ದ್ವೀಪದ ಆಂಟೀಕ್ ಪ್ರಾಂತದಿಂದ ರಫ್ಲೀಸಿಯಾ ಸ್ಪೆಸಿಯೋಸಾವನ್ನು ಜೂಲಿ ಬಾರ್ಸಿಲೋನಾ ಮತ್ತು ಎಡ್ವಿನೊ ಫೆರ್ನಾಂಡೊ ವಿವರಿಸಿದರು. ಅಲ್ಲಿಂದ ಶೋಧಗಳ ಸುರಿಮಳೆ. ಎರಡು ದಶಕಗಳೊಳಗೆ ಪ್ರಭೇದಗಳ ಸಂಖ್ಯೆ ಹತ್ತನ್ನು ದಾಟಿತು. ಕಾಡು ಕುಗ್ಗುತ್ತಿದ್ದ ಕಾಲದಲ್ಲೇ ಹೊಸ ಹೆಸರುಗಳು ಸೇರುತ್ತ ಹೋದವು ಎಂಬುದು ಸಂತೋಷ ಮತ್ತು ಸಂಕಟ ಎರಡನ್ನೂ ತರುವ ಸಂಗತಿ: ಪತ್ತೆಯಾಗುವ ಮೊದಲೇ ಮಾಯವಾದವು ಎಷ್ಟಿರಬಹುದೆಂಬ ಲೆಕ್ಕವನ್ನು ಯಾರೂ ಕೊಡಲಾರರು.

ಪಶ್ಚಿಮ ಸುಮಾತ್ರಾದ ಮನಿಂಜಾವ್ ಸರೋವರದ ಸುತ್ತಲಿನ ಕಾಡಿನಲ್ಲಿ 2020ರ ಆರಂಭದಲ್ಲಿ ಅರಣ್ಯ ಸಂರಕ್ಷಣಾ ಸಿಬ್ಬಂದಿ 111 ಸೆಂಟಿಮೀಟರ್ ಅಗಲದ ಹೂವನ್ನು ಅಳೆದರು. ಅದನ್ನು ರಫ್ಲೀಸಿಯಾ ತುವಾನ್-ಮುಡೆ ಎಂದು ಗುರುತಿಸಲಾಯಿತು. ದಾಖಲೆಯಾದ ಹೂವುಗಳಲ್ಲಿ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಅದೇ ಜಾಗದಲ್ಲಿ 2017ರಲ್ಲಿ 107 ಸೆಂಟಿಮೀಟರಿನ ಹೂವು ಬಂದಿತ್ತು. ಬಳ್ಳಿಯ ಗುರುತು ಕಾದಿಟ್ಟುಕೊಂಡವರಿಗೆ ಸಿಕ್ಕ ಪ್ರತಿಫಲವಿದು.

2025ರ ನವೆಂಬರಿನಲ್ಲಿ ಪಶ್ಚಿಮ ಸುಮಾತ್ರಾದ ಸುಂಪುರ್ ಕುಡುಸ್ ಕಾಡಿನಲ್ಲಿ ರಫ್ಲೀಸಿಯಾ ಹಸ್ಸೆಲ್ಟಿ ಅರಳಿದ ವಿಡಿಯೊ ಜಗತ್ತಿನೆಲ್ಲೆಡೆ ಓಡಾಡಿತು. ಈ ಪ್ರಭೇದದ ಗಾಢ ಕೆಂಪಿನ ಮೇಲೆ ಬಿಳಿಯ ಮಚ್ಚೆಗಳು ಅಗಲವಾಗಿರುತ್ತವೆ. ಇಂಡೋನೇಷ್ಯಾದ ಸೆಪ್ಟಿಯನ್ ಆಂಡ್ರಿಕಿ ಅದನ್ನು ಹದಿಮೂರು ವರ್ಷಗಳಿಂದ ಹುಡುಕುತ್ತಿದ್ದರು. ಹುಲಿಗಳು ಓಡಾಡುವ ಕಾಡಿನಲ್ಲಿ ನಡೆದು ಹೋದಾಗ ಸಿಕ್ಕದ್ದು ಅರಳದ ಮೊಗ್ಗು. ಕತ್ತಲಾದ ಮೇಲೆ ಅವರ ಕಣ್ಣೆದುರೇ ಅದು ಬಿರಿಯಿತು, ಆಂಡ್ರಿಕಿ ಅತ್ತುಬಿಟ್ಟರು. ಜೊತೆಯಲ್ಲಿ ಆಕ್ಸ್‌ಫರ್ಡ್ ಸಸ್ಯೋದ್ಯಾನದ ಕ್ರಿಸ್ ಥೊರೊಗುಡ್ ಇದ್ದರು. ಬ್ರಿಟನ್ನಿನಿಂದ ಹೊರಟ ಮೊದಲ ಸುದ್ದಿಯಲ್ಲಿ ಸ್ಥಳೀಯ ಸಂಶೋಧಕರ ಮತ್ತು ಮಾರ್ಗದರ್ಶಿಗಳ ಹೆಸರಿರಲಿಲ್ಲವೆಂದು ಇಂಡೋನೇಷ್ಯಾದ ಜನ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. 1818ರಲ್ಲಿ ನಡೆದದ್ದು ಮತ್ತೆ ನಡೆಯಬಾರದೆಂದು ಕೇಳುವ ಹಕ್ಕು ಅವರಿಗಿದೆ.

ನೊಣಕ್ಕಾಗಿ ಹಿಗ್ಗಿದ ಹೂವು

ಹೂವು ಇಷ್ಟು ದೊಡ್ಡದಾಗುವುದು ನೊಣಗಳಿಗಾಗಿ. ಸತ್ತ ಪ್ರಾಣಿಯ ಮೇಲೆ ಮೊಟ್ಟೆ ಇಡುವ ನೀಲಿ, ಹಸಿರು ಹೊಳಪಿನ ಮಾಂಸದ ನೊಣಗಳೇ ಇದರ ಪರಾಗವಾಹಕರು. ಕೆಂಪು ಬಣ್ಣ, ಬಿಳಿ ಗಂಟು, ಕೊಳೆತದ ವಾಸನೆ ಸೇರಿ ಹೂವು ಹೆಣದ ವೇಷ ಹಾಕಿರುತ್ತದೆ. ಮಲೇಷ್ಯಾದ ರಫ್ಲೀಸಿಯಾ ಕ್ಯಾಂಟ್ಲೆಯಿ ಹೂವಿನ ವಾಸನೆಯಲ್ಲಿ ಗಂಧಕ ಸೇರಿದ ಎರಡು ಮುಖ್ಯ ಸಂಯುಕ್ತಗಳು ಸಿಕ್ಕಿವೆ. ಕೊಳೆಯುವ ಮಾಂಸದಿಂದ ಹೊಮ್ಮುವುದೂ ಅವೇ. ದೊಡ್ಡ ಹೆಣ ಹೆಚ್ಚು ನೊಣಗಳನ್ನು ಸೆಳೆಯುತ್ತದೆ, ಹೆಚ್ಚು ದೂರದಿಂದ ಸೆಳೆಯುತ್ತದೆ. ಹೂವಿನ ಹಿಗ್ಗುವಿಕೆಗೆ ಸಸ್ಯವಿಜ್ಞಾನಿಗಳು ಕೊಡುವ ಪ್ರಬಲ ವಿವರಣೆ ಇದು. ಬೆಳವಣಿಗೆಯ ಖರ್ಚನ್ನೆಲ್ಲ ಬಳ್ಳಿ ಭರಿಸುವುದರಿಂದ ಮಿತವ್ಯಯದ ಒತ್ತಡವೂ ಕಡಿಮೆ.

ನೊಣ ಕಿಂಡಿಯೊಳಗೆ ಇಳಿದು ಮೊಟ್ಟೆ ಇಡಲು ಜಾಗ ಹುಡುಕುತ್ತ ತಟ್ಟೆಯ ಅಂಚಿನ ಅಡಿಗೆ ತೂರುತ್ತದೆ. ಗಂಡು ಹೂವಿನಲ್ಲಿ ಅಲ್ಲಿರುವ ಪರಾಗ ಪುಡಿಯಾಗಿರುವುದಿಲ್ಲ; ಅಂಟಾದ ಲೋಳೆಯಾಗಿರುತ್ತದೆ. ಅದು ನೊಣದ ಬೆನ್ನಿಗೆ ಮೆತ್ತಿಕೊಂಡು ಒಣಗುತ್ತದೆ. ಆ ನೊಣ ಮುಂದೆ ಹೆಣ್ಣು ಹೂವೊಂದರೊಳಗೆ ಹೊಕ್ಕು, ಅದೇ ರೀತಿ ಅಂಚಿನಡಿ ತೂರಿದಾಗ ಬೆನ್ನಿನ ಮುದ್ದೆ ತಾಗಬೇಕಾದ ಕಡೆಗೆ ತಾಗುತ್ತದೆ. ನೊಣಕ್ಕೆ ಇಲ್ಲಿ ಮೋಸವೇ ಹೊರತು ಲಾಭವೇನೂ ಇಲ್ಲ. ಮೊಟ್ಟೆಯಿಟ್ಟರೂ ಮರಿಗಳಿಗೆ ಮಾಂಸ ಸಿಗದು.

ಒಂದು ವಾರ ಬಾಳುವ ಗಂಡು ಹೂವು, ಒಂದು ವಾರ ಬಾಳುವ ಹೆಣ್ಣು ಹೂವು, ಎರಡೂ ನೊಣ ಹಾರುವ ದೂರದಲ್ಲಿ, ಒಂದೇ ಸಮಯಕ್ಕೆ ಅರಳಬೇಕು. ಮೊಗ್ಗುಗಳು ವಿರಳವಾದ ಕಾಡಿನಲ್ಲಿ ಹೀಗೆ ಕೂಡಿಬರುವುದು ಬಹಳ ಕಷ್ಟ. ಕಾಯಿ ಕಚ್ಚಿದ ರಫ್ಲೀಸಿಯಾ ಕಂಡ ಸಂಶೋಧಕರು ಅದನ್ನು ಹೂವಿಗಿಂತ ಅಪರೂಪವೆಂದು ಎಣಿಸುತ್ತಾರೆ. ತಿಂಗಳುಗಟ್ಟಲೆ ಬಲಿಯುವ ಕಾಯಿಯ ಒಳಗೆ ಎಣ್ಣೆಯಂಶದ ತಿರುಳು, ತಿರುಳಿನಲ್ಲಿ ಲಕ್ಷಗಟ್ಟಲೆ ಕಿರುಬೀಜಗಳು. ಮರಮೂಗಿಲಿ ಮತ್ತು ಅಳಿಲು ತಿರುಳನ್ನು ತಿನ್ನುವುದು ಕಂಡುಬಂದಿದೆ. ಇರುವೆಗಳೂ ಬೀಜ ಹೊತ್ತೊಯ್ಯುತ್ತವೆ. ಆ ಬೀಜ ಬಳ್ಳಿಯೊಳಗೆ ಹೇಗೆ ಹೊಗುತ್ತದೆಂಬುದು ಈ ಸಸ್ಯದ ಬದುಕಿನಲ್ಲಿ ಇನ್ನೂ ಬಿಡಿಸದ ಗಂಟು.

ಎಲೆಯೂ ಕಾಂಡವೂ ಇಲ್ಲದ ಗಿಡದ ನೆಂಟರು ಯಾರೆಂದು ಹೇಳುವುದು ಹಳೆಯ ಸಸ್ಯಶಾಸ್ತ್ರಕ್ಕೆ ಅಸಾಧ್ಯವಾಗಿತ್ತು. ಉತ್ತರ ಕೊಟ್ಟದ್ದು ಡಿಎನ್‌ಎ. ಚಾರ್ಲ್ಸ್ ಡೇವಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ರಫ್ಲೀಸಿಯಾದ ವಂಶ ಹರಳು, ಮರಗೆಣಸು, ರಬ್ಬರ್‌ಗಳ ಕುಟುಂಬದಿಂದ ಕವಲೊಡೆದದ್ದು. ಆ ಕುಟುಂಬದ ಹೂಗಳು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಅಗಲದವು. ಕವಲಿನ ಆರಂಭದ ಸುಮಾರು 4.6 ಕೋಟಿ ವರ್ಷಗಳ ಅವಧಿಯಲ್ಲಿ ಹೂವಿನ ಅಗಲ 79 ಪಟ್ಟು ಹಿಗ್ಗಿತೆಂದು ಅವರು ಲೆಕ್ಕ ಹಾಕಿದರು. ಹರಳಿನ ಗಿಡ ಬೆಳೆದ ಬಯಲುಸೀಮೆಯ ರೈತರಿಗೆ ಈ ನೆಂಟಸ್ತಿಕೆಯನ್ನು ನಂಬುವುದು ಸುಲಭವಲ್ಲ.

ವಂಶವಾಹಿಗಳು ಇನ್ನೂ ವಿಚಿತ್ರವಾದ ಕತೆ ಹೇಳಿದವು. ಫಿಲಿಪ್ಪೀನ್ಸಿನ ರಫ್ಲೀಸಿಯಾ ಲಗಾಸ್ಕೆಯಲ್ಲಿ, ಸಸ್ಯಕೋಶಗಳಲ್ಲಿ ಆಹಾರ ತಯಾರಿಸುವ ಹರಿತ್ಕಣದ ಡಿಎನ್‌ಎಗಾಗಿ ಹುಡುಕಿದ ತಂಡಕ್ಕೆ ಅದು ಪತ್ತೆಯಾಗಲಿಲ್ಲವೆಂದು 2014ರಲ್ಲಿ ವರದಿಯಾಯಿತು. ದ್ಯುತಿಸಂಶ್ಲೇಷಣೆ ಬಿಟ್ಟ ಇತರ ಪರಾವಲಂಬಿಗಳೂ ಹರಿತ್ಕಣದ ಡಿಎನ್‌ಎಯ ಚೂರುಪಾರನ್ನು ಉಳಿಸಿಕೊಂಡಿರುತ್ತವೆ. ಇಲ್ಲಿ ಅದೂ ಹೋದಂತಿದೆ. ಹಾಗೆಯೇ ಬಳ್ಳಿಯ ವಂಶವಾಹಿಗಳು ಪರಾವಲಂಬಿಯೊಳಕ್ಕೆ ದಾಟಿ ನೆಲೆಸಿರುವುದಕ್ಕೂ ಪುರಾವೆ ಸಿಕ್ಕಿದೆ. ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ದಾರಿ ಬಿಟ್ಟು, ಒಂದು ಸಸ್ಯದಿಂದ ಸಂಬಂಧವಿಲ್ಲದ ಇನ್ನೊಂದಕ್ಕೆ ವಂಶವಾಹಿ ಹೀಗೆ ಅಡ್ಡಲಾಗಿ ದಾಟಿದ ಉದಾಹರಣೆಗಳಲ್ಲಿ ಈ ಕುಟುಂಬದ್ದು ಬಹು ಪ್ರಸಿದ್ಧ.

ಈಶಾನ್ಯ ಭಾರತದ ಸಾಪ್ರಿಯಾ

ರಫ್ಲೀಸಿಯಾ ಭಾರತದಲ್ಲಿಲ್ಲ, ಅದರ ದಾಯಾದಿ ಇದೆ. ಸಸ್ಯವಿಜ್ಞಾನಿ ವಿಲಿಯಂ ಗ್ರಿಫಿತ್ 1836ರಲ್ಲಿ ಈಗಿನ ಅರುಣಾಚಲ ಪ್ರದೇಶದ ಮಿಶ್ಮಿ ಬೆಟ್ಟಗಳಲ್ಲಿ ಕಂಡ ಸಾಪ್ರಿಯಾ ಹಿಮಾಲಯಾನಾ ಸುಮಾರು 20 ಸೆಂಟಿಮೀಟರ್ ಅಗಲದ ಹೂವು. ಐದರ ಬದಲು ಹತ್ತು ಹಾಲೆಗಳು, ಕಡುಕೆಂಪಿನ ಮೇಲೆ ಹಳದಿ ಚುಕ್ಕೆಗಳು. ಇದೂ ಟೆಟ್ರಾಸ್ಟಿಗ್ಮಾದೊಳಗೇ ಬದುಕುತ್ತದೆ, ಇದಕ್ಕೂ ದುರ್ವಾಸನೆ ಉಂಟು. ನಾಮ್‌ದಾಫಾ ರಾಷ್ಟ್ರೀಯ ಉದ್ಯಾನ ಇದರ ಹೆಸರಾಂತ ನೆಲೆ. ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂಗಳಲ್ಲೂ ಸಿಗುತ್ತದೆ. 2021ರಲ್ಲಿ ಇದರ ಜೀನೋಮ್ ಪ್ರಕಟವಾದಾಗ, ಸಾಮಾನ್ಯವಾಗಿ ಹೂಬಿಡುವ ಸಸ್ಯಗಳೆಲ್ಲ ಉಳಿಸಿಕೊಂಡಿರುವ ವಂಶವಾಹಿಗಳಲ್ಲಿ ಸುಮಾರು ಶೇ. 44ನ್ನು ಈ ಸಸ್ಯ ಕಳೆದುಕೊಂಡಿರುವುದು ಗೊತ್ತಾಯಿತು. ಪರಾವಲಂಬನೆಯ ಹಾದಿಯಲ್ಲಿ ಒಂದು ಜೀವಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇಷ್ಟು ಸ್ಪಷ್ಟವಾದ ಅಳತೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಗಾತ್ರದ ಮಾತು ಬಂದಾಗ ಇನ್ನೆರಡು ಸಸ್ಯಗಳ ಹೆಸರು ಕೇಳಿಬರುತ್ತದೆ. ಎರಡೂ ಬಿಡಿ ಹೂವುಗಳಲ್ಲ, ಹೂಗೊಂಚಲುಗಳು. ಇಟಲಿಯ ಒಡೊಆರ್ದೊ ಬೆಕ್ಕಾರಿ 1878ರಲ್ಲಿ ಸುಮಾತ್ರಾದಲ್ಲಿ ಕಂಡ ಟೈಟನ್ ಆರಮ್ ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದ್ದು. ಅದರ ಹೂಗೊಂಚಲು 3 ಮೀಟರ್ ಎತ್ತರಕ್ಕೂ ಬೆಳೆಯುತ್ತದೆ, ನಡುವಿನ ಕಂಬ ರಾತ್ರಿ ಬಿಸಿಯೇರಿ ವಾಸನೆಯನ್ನು ಮೇಲಕ್ಕೆ ಅಟ್ಟುತ್ತದೆ, ಎರಡು ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೆ. ಗೆಡ್ಡೆ ಇರುವುದರಿಂದ ಇದನ್ನು ಗಾಜಿನಮನೆಯಲ್ಲಿ ಬೆಳೆಸಬಹುದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1889ರಲ್ಲೇ ಅರಳಿತ್ತು. ಕವಲೊಡೆದ ಹೂಗೊಂಚಲುಗಳಲ್ಲಿ ಅತಿ ದೊಡ್ಡದು ನಮ್ಮ ಕರಾವಳಿಯಲ್ಲೂ ಬೆಳೆಯುವ ಶ್ರೀತಾಳೆಯದು. ದಶಕಗಟ್ಟಲೆ ಎಲೆಗಳನ್ನಷ್ಟೇ ಬಿಡುತ್ತ ಬೆಳೆದ ಮರ ಒಮ್ಮೆ ನೆತ್ತಿಯಲ್ಲಿ ಲಕ್ಷಾಂತರ ಹೂಗಳನ್ನು ಹೊತ್ತು, ಕಾಯಿ ಮಾಗಿಸಿ, ಸಾಯುತ್ತದೆ.

ಬಳ್ಳಿ ಉಳಿದರೆ

2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ರಫ್ಲೀಸಿಯಾದ 42 ಪ್ರಭೇದಗಳನ್ನು ಪರಿಶೀಲಿಸಿತು. ಎಲ್ಲವೂ ಅಪಾಯದಲ್ಲಿವೆ, 25 ಪ್ರಭೇದಗಳನ್ನು ಅಳಿವಿನ ತೀರ ಅಂಚಿನಲ್ಲಿರುವವೆಂದು ವರ್ಗೀಕರಿಸಲಾಯಿತು. ತಿಳಿದಿರುವ ನೆಲೆಗಳ ಮೂರರಲ್ಲಿ ಎರಡು ಪಾಲಿಗೆ ರಕ್ಷಿತ ಪ್ರದೇಶಗಳ ಆಸರೆಯಿಲ್ಲ. ತಾಳೆಎಣ್ಣೆಯ ತೋಟ, ಕಾಫಿ, ರಸ್ತೆ, ಗಣಿಗಳಿಗಾಗಿ ಕಾಡು ಕಡಿಯುವಾಗ ಬಳ್ಳಿ ಹೋಗುತ್ತದೆ, ಬಳ್ಳಿಯ ಜೊತೆ ಹೂವೂ ಹೋಗುತ್ತದೆ. ಮೊಗ್ಗಿಗೆ ಬಾಣಂತಿಯರ ಔಷಧಿಯೆಂಬ ಹೆಸರಿರುವುದರಿಂದ ಕೀಳುವವರೂ ಇದ್ದಾರೆ. ಈಚೆಗೆ ಸೇರಿದ ಸಂಕಟ ನೋಡಬಂದವರ ಕಾಲುಗಳದ್ದು. ಹೂವಿನ ಸುತ್ತಲಿನ ಮಣ್ಣಿನಲ್ಲಿ ಬಳ್ಳಿಯ ಬೇರು ಹರಿದಿರುತ್ತದೆ, ಬೇರಿನ ಮೇಲೆ ಬಟಾಣಿ ಗಾತ್ರದ ಮೊಗ್ಗುಗಳಿರುತ್ತವೆ. ಫೋಟೊ ತೆಗೆಯಲು ಹತ್ತಿರ ಸರಿದವರು ಮುಂದಿನ ವರ್ಷದ ಹೂವುಗಳನ್ನು ತುಳಿದಿರುತ್ತಾರೆ.

ಕಾಯುವ ಕೆಲಸದಲ್ಲಿ ಸ್ಥಳೀಯರ ಪಾತ್ರ ಎಷ್ಟೆಂಬುದಕ್ಕೆ ಮಲೇಷ್ಯಾದ ಎರಡು ಊರುಗಳು ಉದಾಹರಣೆ. ಪೆರಾಕ್ ರಾಜ್ಯದ ಗೊಪೆಂಗ್ ಬಳಿಯ ಉಲು ಗೆರೊದಲ್ಲಿ ಸೆಮಾಯ್ ಬುಡಕಟ್ಟಿನವರು ಹಿಂದೆ ಮೊಗ್ಗು ಕಿತ್ತು ಮಾರುತ್ತಿದ್ದರು. ಈಗ ಮಾರ್ಗದರ್ಶಿಗಳಾಗಿ ಅವನ್ನೇ ಕಾಯುತ್ತಾರೆ. ಸಬಾ ರಾಜ್ಯದ ಕಿನಬಾಲು ಪರ್ವತದ ತಪ್ಪಲಿನ ಪೊರಿಂಗ್ ಸುತ್ತ ರಫ್ಲೀಸಿಯಾ ಕೀಥಿ ಖಾಸಗಿ ಜಮೀನುಗಳಲ್ಲಿ ಅರಳುತ್ತದೆ. ಜಮೀನಿನವರು ಬಳ್ಳಿಗೆ ಬೇಲಿ ಹಾಕಿ, ದಾರಿಗೆ ಹಲಗೆ ಹಾಸಿ, ನೋಡಲು ಶುಲ್ಕ ಪಡೆಯುತ್ತಾರೆ. ಇಂಡೋನೇಷ್ಯಾದಲ್ಲಿ 1993ರಿಂದ ರಫ್ಲೀಸಿಯಾ ಅರ್ನಾಲ್ಡಿ ಮೂರು ರಾಷ್ಟ್ರೀಯ ಹೂಗಳಲ್ಲೊಂದು. ಬೆಂಗ್ಕುಲುವಿನಿಂದ ಬೆಟ್ಟ ಹತ್ತುವ ರಸ್ತೆಯ ಬದಿಯಲ್ಲಿ ಹೂವು ಅರಳಿದೆ ಎಂಬ ಕೈಬರಹದ ಫಲಕ ಕಂಡರೆ, ಹತ್ತಿರದ ಹಳ್ಳಿಯವರು ತಿಂಗಳುಗಟ್ಟಲೆ ಒಂದು ಮೊಗ್ಗನ್ನು ಕಾದಿದ್ದಾರೆಂದು ತಿಳಿಯಬೇಕು.

ಕಾಡಿನ ಹೊರಗೆ ಬೆಳೆಸುವ ಪ್ರಯತ್ನಗಳಲ್ಲಿ ಜಾವಾದ ಬೊಗೊರ್ ಸಸ್ಯೋದ್ಯಾನ ಮುಂದಿದೆ. ಅಲ್ಲಿನ ಸೋಫಿ ಮುರ್ಸಿದಾವತಿ ಮತ್ತು ಸಂಗಡಿಗರು ಪರಾವಲಂಬಿ ಹೊಕ್ಕ ಬಳ್ಳಿಯ ತುಂಡನ್ನು ಉದ್ಯಾನದ ಆರೋಗ್ಯವಂತ ಬಳ್ಳಿಗೆ ಕಸಿ ಕಟ್ಟಿದರು. ಅಂಥ ಬಳ್ಳಿಯಲ್ಲಿ 2010ರಲ್ಲಿ ರಫ್ಲೀಸಿಯಾ ಪತ್ಮ ಅರಳಿತು. ಕಸಿಗೆ ಒಂದು ಮಿತಿಯಿದೆ. ಅದರಿಂದ ಹಳೆಯ ಗಿಡವೇ ಹೊಸ ಜಾಗದಲ್ಲಿ ಮುಂದುವರಿಯುತ್ತದೆ. ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು. ಹೊಸ ಪೀಳಿಗೆಗೆ ಬೀಜದಿಂದಲೇ ಬೆಳೆಸಬೇಕು. ಬಳ್ಳಿಯ ಬೇರಿನ ತೊಗಟೆಯನ್ನು ಸೀಳಿ ಬೀಜವನ್ನು ಒಳಗಿಡುವುದು, ಬೀಜಗಳನ್ನು ಬೆಳವಣಿಗೆಯ ದ್ರಾವಣಗಳಲ್ಲಿ ನೆನೆಸಿ ಮೊಳೆಯಿಸಲು ನೋಡುವುದು, ಕಾಡಿನಿಂದ ತಂದ ಬಳ್ಳಿಯ ಕುಡಿಗಳನ್ನು ಪ್ರಯೋಗಾಲಯದಲ್ಲಿ ಬೇರು ಬಿಡಿಸುವುದು, ಹೀಗೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮತ್ತು ಅಮೆರಿಕದ ಸಸ್ಯೋದ್ಯಾನಗಳಲ್ಲಿ ಕೆಲಸ ನಡೆದಿದೆ.